ರಾಜ್ ಕಪೂರ್‌ಗೆ ವಿಭಕ್ತಿಯುಂಟು, ನರ್ಗಿಸ್‌ಗಿಲ್ಲ

ಚೆಂಬೂರಿನ ಆರ್.ಕೆ. ಸ್ಟುಡಿಯೋದ ಯಜಮಾನರಾಗಿದ್ದ ರಾಜ್ ಕಪೂರ್ 1954ರಲ್ಲಿ ಸೋವಿಯತ್ ದೇಶದಲ್ಲಿ ‘ಆವಾರಾ’ ತೆರೆಕಂಡಾಗಿನಿಂದ ರಷ್ಯನ್ನರ ಮನೆಮಾತು. ಆದರೆ ಅವರ ಹೆಸರು ಅಲ್ಲಿ ಒಂದು ರೂಪದಲ್ಲಿ ನಿಲ್ಲುವುದಿಲ್ಲ. ಅವರು ತಾವೇ ಬಂದರೆ ‘ರಾಜ್ ಕಪೂರ್’, ಅವರ ಸಿನಿಮಾ ಎಂದರೆ ‘ರಾಜ ಕಪೂರ’, ಅವರಿಗೆ ಹೂ ಕೊಟ್ಟರೆ ‘ರಾಜು ಕಪೂರು’, ಅವರೊಡನೆ ಫೋಟೊ ತೆಗೆಸಿಕೊಂಡರೆ ‘ರಾಜೆಮ್ ಕಪೂರಮ್’. ಪಕ್ಕದಲ್ಲಿ ನಿಂತ ನರ್ಗಿಸ್ ಮಾತ್ರ ಎಲ್ಲ ವಾಕ್ಯದಲ್ಲೂ ನರ್ಗಿಸ್ಸೇ. ವ್ಯಂಜನದಲ್ಲಿ ಮುಗಿಯುವ ಪರದೇಶದ ಹೆಣ್ಣುಹೆಸರಿಗೆ ರಷ್ಯನ್ನರು ಪ್ರತ್ಯಯ ಹಚ್ಚುವುದಿಲ್ಲ.

ಮುಂಬಯಿಗೆ ಈ ಭಾಷೆ ಹೊಸತಲ್ಲ. 1958ರಲ್ಲಿ ಶುರುವಾದ ಪೊವಾಯಿಯ ಐಐಟಿಗೆ ಯಂತ್ರಗಳೂ ತಜ್ಞರೂ ಸೋವಿಯತ್ ದೇಶದಿಂದ ಬಂದವು. ಪೆಡ್ಡರ್ ರಸ್ತೆಯಲ್ಲಿ ರಷ್ಯನ್ ಸಾಂಸ್ಕೃತಿಕ ಕೇಂದ್ರವಿದೆ. ಕಲೀನಾದ ವಿಶ್ವವಿದ್ಯಾಲಯದ ಆವರಣದಲ್ಲಿ ಕನ್ನಡ ವಿಭಾಗವೂ ಇದೆ, ರಷ್ಯನ್ ವಿಭಾಗವೂ ಇದೆ. ಆದರೆ ರಷ್ಯನ್ ಕಲಿಯುವ ಕನ್ನಡಿಗ ಸಾಮಾನ್ಯವಾಗಿ ಇಂಗ್ಲಿಷಿನ ಬಾಗಿಲಿಂದ ಒಳಹೋಗುತ್ತಾನೆ. ಆರು ವಿಭಕ್ತಿಗಳ ಕೋಷ್ಟಕ ಕಂಡು ಇಂಗ್ಲಿಷಿನವನ ಹಾಗೆಯೇ ಬೆದರುತ್ತಾನೆ. ಮನೆಯಲ್ಲಿ ವೈಯಾಕರಣ ಕೇಶಿರಾಜನ ಕಾಲದಿಂದ ಏಳು ವಿಭಕ್ತಿಗಳಿವೆ. ಆರಕ್ಕೆ ಹೆದರುವುದೇನು?

ಅಸಲಿಗೆ ಅವನಿಗೆ ಅರ್ಧ ವ್ಯಾಕರಣ ಆಗಲೇ ಬರುತ್ತದೆ. ‘ನಾನು ವಿದ್ಯಾರ್ಥಿ’ ಎನ್ನಲು ರಷ್ಯನ್‌ನಲ್ಲಿ ‘ಯಾ ಸ್ತುದ್ಯೆಂತ್’, ನಡುವೆ ಕ್ರಿಯಾಪದವಿಲ್ಲ. ‘ಮ್ನ್ಯೆ ಖೋಲದ್ನ’: ನನಗೆ ಚಳಿ. ‘ಮ್ನ್ಯೆ ದ್ವಾತ್ಸತ್ ಲ್ಯೆತ್’: ನನಗೆ ಇಪ್ಪತ್ತು ವರ್ಷ. ಚಳಿಯೂ ವಯಸ್ಸೂ ಎರಡೂ ಭಾಷೆಗಳಲ್ಲಿ ಚತುರ್ಥಿಯಲ್ಲೇ ಬಂದು ಮೈಮೇಲೆ ಕೂರುತ್ತವೆ. ಇಂಗ್ಲಿಷಿನಲ್ಲಿ ಪಾಠ ಹೇಳುವವರು ಇದನ್ನು ವಿಚಿತ್ರವೆಂಬಂತೆ ಅರ್ಧ ಗಂಟೆ ವಿವರಿಸುತ್ತಾರೆ, ಪಾಪ.

ದ್ವಿತೀಯೆಯದು ಇನ್ನೂ ಸ್ವಾರಸ್ಯ. ‘ಮೇಜು ನೋಡಿದೆ’ ಎಂದರೆ ಕನ್ನಡಕ್ಕೆ ಸಾಕು, ‘ಹುಡುಗ ನೋಡಿದೆ’ ಎಂದರೆ ಸಾಲದು, ‘ಹುಡುಗನನ್ನು’ ಆಗಲೇಬೇಕು. ರಷ್ಯನ್‌ನ ಪುಲ್ಲಿಂಗದಲ್ಲೂ ಇದೇ ನ್ಯಾಯ. ನೋಡುವುದು ಮೇಜಾದರೆ ‘ವೀಝು ಸ್ತೋಲ್’, ಮೇಜಿನ ಹೆಸರು ಬದಲಾಗದು. ವಿದ್ಯಾರ್ಥಿಯಾದರೆ ‘ವೀಝು ಸ್ತುದ್ಯೆಂತ’, ಜೀವವಿರುವುದಕ್ಕೆ ಬಾಲ ಬರುತ್ತದೆ.

ಕನ್ನಡ ಕೈಕೊಡುವುದು ಲಿಂಗದಲ್ಲಿ. ನಮ್ಮಲ್ಲಿ ಪುಸ್ತಕ, ಕಿಟಕಿ, ಮೇಜು ಎಲ್ಲ ‘ಅದು’. ರಷ್ಯನ್‌ನಲ್ಲಿ ಪುಸ್ತಕ ಹೆಣ್ಣು, ಮೇಜು ಗಂಡು, ಕಿಟಕಿ ನಪುಂಸಕ. ಇಲ್ಲಿ ಬೆಂಗಳೂರಿನವನಿಗಿಲ್ಲದ ಆಸರೆ ಮುಂಬಯಿಯವನಿಗಿದೆ: ಮರಾಠಿ. ತರಕಾರಿಯವಳ ಹತ್ತಿರ, ಬಸ್ ಕಂಡಕ್ಟರನ ಹತ್ತಿರ ‘ತೋ, ತೀ, ತೇ’ ಎಂದು ಬೈಸಿಕೊಂಡು ಕಲಿತ ನಾಲಿಗೆ ‘ಓನ್, ಅನಾ, ಅನೋ’ಗೆ ಬೇಗ ಒಗ್ಗುತ್ತದೆ. ಯಾವುದು ಹೆಣ್ಣು ಎಂಬುದು ಮಾತ್ರ ಎರಡರಲ್ಲೂ ಬೇರೆ ಬೇರೆ. ಮರಾಠಿಯ ಪುಸ್ತಕ ನಪುಂಸಕ, ಕಿಟಕಿ ಹೆಣ್ಣು. ಎಣಿಕೆಗೆ ಯಾರ ಆಸರೆಯೂ ಇಲ್ಲ. ಎರಡು, ಮೂರು, ನಾಲ್ಕು ಮೇಜುಗಳಿಗೆ ಷಷ್ಠಿಯ ಏಕವಚನ, ‘ದ್ವಾ ಸ್ತಲಾ’. ಐದಾದೊಡನೆ ಷಷ್ಠಿಯ ಬಹುವಚನ, ‘ಪ್ಯಾತ್ ಸ್ತಲೋಫ್’. ಇದು ಬಾಯಿಪಾಠದ ಕೆಲಸ.

ಪದಗಳ ಜಾಗ ಬದಲಿಸಲು ಎರಡೂ ಭಾಷೆಗಳಲ್ಲಿ ಸಡಿಲಿಕೆಯಿದೆ, ಏಕೆಂದರೆ ಯಾರು ಯಾರನ್ನು ಎಂಬುದನ್ನು ಪ್ರತ್ಯಯವೇ ಹೇಳುತ್ತದೆ. ‘ಮಸ್ಕ್ವಾ ಲ್ಯುಬೀಲ ರಾಜ ಕಪೂರ’ ಎಂದರೂ ‘ರಾಜ ಕಪೂರ ಲ್ಯುಬೀಲ ಮಸ್ಕ್ವಾ’ ಎಂದರೂ ಮಾಸ್ಕೋವೇ ಪ್ರೀತಿಸಿದ್ದು. ಆದರೆ ಮೊದಲನೆಯದು ‘ಯಾರನ್ನು’ ಎಂಬುದಕ್ಕೆ ಉತ್ತರ, ಎರಡನೆಯದು ‘ಯಾರು’ ಎಂಬುದಕ್ಕೆ. ಹೊಸ ಸುದ್ದಿಯನ್ನು ರಷ್ಯನ್ನರು ಕೊನೆಗಿಡುತ್ತಾರೆ. ಕನ್ನಡಿಗರು ಕ್ರಿಯಾಪದದ ಮುಂಚೆ ಇಡುತ್ತಾರೆ: ‘ರಾಜ್ ಕಪೂರರನ್ನು ಮಾಸ್ಕೋ ಪ್ರೀತಿಸಿತು’. ಕ್ರಿಯಾಪದವನ್ನು ಕೊನೆಗೆ ತಳ್ಳುವ ಈ ಚಾಳಿ ಬಿಡಲು ಕಲಿಯುವವನಿಗೆ ತಿಂಗಳುಗಳೇ ಹಿಡಿಯುತ್ತವೆ.

ಊರ ಹೆಸರುಗಳ ಕಥೆಯೇ ಬೇರೆ. ‘ಬಂಬ್ಯೇಯ್’ ಹಳೆಯ ಗಂಡುಹೆಸರಿನಂತೆ ಎಲ್ಲ ವಿಭಕ್ತಿಗೂ ಬಗ್ಗುತ್ತಿತ್ತು. 1995ರಲ್ಲಿ ನಗರ ಮುಂಬಯಿ ಆಯಿತು. ‘ಇ’ಕಾರದಲ್ಲಿ ಮುಗಿಯುವ ಈ ಹೆಸರನ್ನು ರಷ್ಯನ್ ವ್ಯಾಕರಣ ಮುಟ್ಟುವುದಿಲ್ಲ. ಡೊಂಬಿವಲಿಯೂ ಹಾಗೆಯೇ. ಕಲೀನಾ ಮಾತ್ರ ಅವರಲ್ಲೇ ಕೆಂಪು ಹಣ್ಣಿನ ಒಂದು ಪೊದೆಯ ಹೆಸರು, ಆರೂ ವಿಭಕ್ತಿಗೆ ಸಲೀಸು. ಹಾಗಾಗಿ ಡೊಂಬಿವಲಿಯಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಇಳಿದು ಕಲೀನಾದ ತರಗತಿಗೆ ಬರುವವನಿಗೆ ಮನೆಯ ವಿಳಾಸ ಹೇಳುವುದು ಸುಲಭ, ತರಗತಿಯ ವಿಳಾಸ ಹೇಳುವಾಗ ಪ್ರತ್ಯಯ ನೆನಪಿರಬೇಕು.