ಗಾಳಿಯ ಲೆಕ್ಕ

ಕ್ಯಾಬ್‌ನ ಬಾಗಿಲು ಎಳೆದುಕೊಳ್ಳಿ, ಎರಚಲು ಒಳಗೆ ಬರುತ್ತಿದೆ. ಪೈಲಟ್ ಪಕ್ಕದ ಸೀಟು ನಿಮ್ಮದು. ಈ ರಾತ್ರಿಯ ಮಟ್ಟಿಗೆ ನೀವೇ ಸಹಾಯಕ ಲೋಕೋ ಪೈಲಟ್. ಡೀಸೆಲ್, ಗ್ರೀಸ್, ಫ್ಲಾಸ್ಕಿನಿಂದ ಚೆಲ್ಲಿದ ಕಾಫಿ, ಎಲ್ಲ ಸೇರಿ ಒಂದೇ ವಾಸನೆಯಾಗಿ ಮೂಗಿಗೆ ಹತ್ತಿದೆ. ಗಾಡಿ ಸಕಲೇಶಪುರದಲ್ಲಿ ನಿಂತಿದೆ. ಹಿಂದಿನ ಬೋಗಿಗಳಲ್ಲಿ ಜನ ಹೊದ್ದು ಮಲಗಿದ್ದಾರೆ. ಕಣ್ಣು ಬಿಡುವಷ್ಟರಲ್ಲಿ ಕರಾವಳಿ ಬಂದಿರುತ್ತದೆ ಎಂಬ ನೆಮ್ಮದಿ ಅವರದು.

"ಕಾಷನ್ ಆರ್ಡರ್ ಓದಪ್ಪ," ಅನ್ನುತ್ತಾರೆ ಪೈಲಟ್. ಕೂದಲು ನೆರೆತ ಮನುಷ್ಯ, ಮಾತು ಕಮ್ಮಿ. ಟಾರ್ಚ್ ಹಿಡಿದು ಓದುತ್ತೀರಿ: ಎಲ್ಲೆಲ್ಲಿ ವೇಗ ಇಳಿಸಬೇಕು, ಎಲ್ಲಿ ದರೆ ಸಡಿಲವಾಗಿದೆ. 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯಡಿಯ ಮಣ್ಣೇ ಜಾರಿ ದಿನಗಟ್ಟಲೆ ಒಂದು ಗಾಡಿಯೂ ಓಡಲಿಲ್ಲ. ಆಮೇಲೆ ಈ ಕಾಗದವನ್ನು ಯಾರೂ ಕಣ್ಣಾಡಿಸಿ ಮಡಚಿಡುವುದಿಲ್ಲ.

ಹೊರಡುವ ಮುಂಚೆ ಬ್ರೇಕಿನ ಪರೀಕ್ಷೆ. ಪೈಲಟ್ ಹಿಡಿ ತಿರುಗಿಸುತ್ತಾರೆ. ಬುಸ್ಸೆಂದು ಗಾಳಿ ಹೊರಬೀಳುತ್ತದೆ. ವಾಕಿಟಾಕಿಯಲ್ಲಿ ಕೊನೆಯ ಬೋಗಿಯಿಂದ ಟ್ರೈನ್ ಮ್ಯಾನೇಜರ್, ಅಂದರೆ ನಮ್ಮ ಹಳೇ ಗಾರ್ಡ್, ಹೇಳುತ್ತಾರೆ: "ಇಲ್ಲೂ ಇಳೀತು ಸಾರ್."

ಈ ಮಾತಿಗಾಗಿಯೇ ಇಬ್ಬರೂ ಉಸಿರು ಹಿಡಿದಿದ್ದಿರಿ. ರೈಲಿನ ಬ್ರೇಕು ತಿರುಗುಮುರುಗು. ಉದ್ದಕ್ಕೂ ಹಾದ ಪೈಪಿನಲ್ಲಿ 5 ಕಿಲೋ ಒತ್ತಡ ಇದ್ದರೆ ಚಕ್ರ ಸಡಿಲ. ಒತ್ತಡ ಇಳಿದರೆ ಚಕ್ರ ಬಿಗಿ. ಬಿಗಿ ಹಿಡಿಸುವ ಗಾಳಿ ಪ್ರತಿ ಬೋಗಿಯಡಿಯ ಟ್ಯಾಂಕಿನಲ್ಲಿರುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತ ಹೋದರೆ ಟ್ಯಾಂಕು ತುಂಬಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಇಳಿಜಾರಿನಲ್ಲಿ ಗಾಳಿ ಎಂದರೆ ಕೈಯಲ್ಲಿರುವ ದುಡ್ಡು, ನೋಡಿ ಖರ್ಚು ಮಾಡಬೇಕು.

"ಸ್ಟಾರ್ಟರ್ ಗ್ರೀನ್." ಸಿಗ್ನಲ್ಲಿನತ್ತ ಕೈ ಚಾಚಿ ಕೂಗುತ್ತೀರಿ. "ಸ್ಟಾರ್ಟರ್ ಗ್ರೀನ್," ಪೈಲಟ್ ಮರುನುಡಿಯುತ್ತಾರೆ. ನೀವು ಕಂಡದ್ದನ್ನು ಅವರೂ ಕಂಡಿದ್ದಾರೆ ಎಂಬುದಕ್ಕೆ ಅಷ್ಟೇ ಸಾಕ್ಷಿ.

ದೋಣಿಗಲ್ ದಾಟುತ್ತಿದ್ದಂತೆ ಹೊಟ್ಟೆಯೊಳಗೆ ಏನೋ ಮುಂದಕ್ಕೆ ವಾಲುತ್ತದೆ. ಐವತ್ತು ಮೀಟರಿಗೆ ಒಂದು ಮೀಟರ್ ಇಳಿತ. ಓದುವಾಗ ಏನೂ ಅನ್ನಿಸದು. ಆದರೆ ಗಾಡಿ ನಾನೂರು ಮೀಟರ್ ಉದ್ದವಿದ್ದರೆ ನೀವು ಕೊನೆಯ ಬೋಗಿಗಿಂತ ಎಂಟು ಮೀಟರ್ ಕೆಳಗಿದ್ದೀರಿ. ಅಷ್ಟೂ ಭಾರ ನಿಮ್ಮ ಬೆನ್ನ ಮೇಲಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದು, ಮುಚ್ಚಿ, ಅಗಲವಾಗಿ, 2007ರ ಡಿಸೆಂಬರ್‌ನಲ್ಲಿ ಮತ್ತೆ ಪ್ರಯಾಣಿಕರನ್ನು ಕಂಡ ದಾರಿ ಇದು.

ಪೈಲಟ್ ಡೈನಾಮಿಕ್ ಬ್ರೇಕ್ ಹಾಕುತ್ತಾರೆ. ಗಾಡಿ ಎಳೆಯುವ ಮೋಟಾರುಗಳೇ ಈಗ ಕರೆಂಟು ತಯಾರಿಸುತ್ತ ಚಕ್ರವನ್ನು ತಡೆಯುತ್ತವೆ. ಆ ಕರೆಂಟೆಲ್ಲ ಎಂಜಿನ್ನಿನ ಮೇಲಿನ ಗ್ರಿಡ್ಡಿನಲ್ಲಿ ಶಾಖವಾಗಿ ಹೋಗುತ್ತದೆ. ತಣಿಸುವ ಫ್ಯಾನಿನ ಊಳು ನಿಮ್ಮ ಹಲ್ಲಿನ ಬುಡದಲ್ಲಿ ಕೇಳಿಸುತ್ತದೆ. ಇದರಲ್ಲಿ ಗಾಳಿಯ ಖರ್ಚಿಲ್ಲ. ವೇಗದ ಮುಳ್ಳು ಮೂವತ್ತರ ಒಳಗೆ.

ಸುರಂಗ. ಹೊಗೆ, ಬಿಸಿ, ಕಿವಿ ಗಪ್ಪನೆ ಮುಚ್ಚುತ್ತದೆ. ಹೊರಗೆ: ಮಳೆ, ಹಸಿ ಮಣ್ಣಿನ ವಾಸನೆ, ಸೇತುವೆಯ ಪೊಳ್ಳು ಸದ್ದು. ಮತ್ತೆ ಸುರಂಗ. ನೀವು ಮೂಗರಳಿಸಿ ಕೂತಿದ್ದೀರಿ. ಬ್ರೇಕು ಎಲ್ಲಾದರೂ ಅಂಟಿಕೊಂಡಿದ್ದರೆ ಕಮಟು ವಾಸನೆ ಮೊದಲು ಹೇಳುತ್ತದೆ. ವಿಜಿಲೆನ್ಸ್ ದೀಪ ಮಿನುಗುತ್ತದೆ. ಪೈಲಟ್ ನೋಡದೆಯೇ ಗುಂಡಿ ಒತ್ತುತ್ತಾರೆ. ಒತ್ತದಿದ್ದರೆ ಯಂತ್ರ ಅವರು ನಿದ್ದೆ ಹೋದರೆಂದು ತಿಳಿದು ತಾನೇ ಬ್ರೇಕ್ ಹಾಕುತ್ತದೆ. ಅವಮಾನದ ಯಂತ್ರ, ಆದರೂ ಇರಲಿ.

ಸುರಂಗದ ಬಾಯಿ ದಾಟಿದ್ದೇ ತಡ, ಢಂ.

ಕಾಲಡಿಯಲ್ಲೇ. ಮತ್ತೆ ಢಂ. ಮತ್ತೆ.

"ಮೂರು!" ಕೂಗಿದ್ದು ನೀವೇ. ಚಕ್ರ ಹತ್ತಿದರೆ ಸಿಡಿದು ಎಚ್ಚರಿಸಲೆಂದು ಹಳಿಗೆ ಕಟ್ಟಿದ ಡಿಟೋನೇಟರ್. ಮೂರು ಎಂದರೆ ಅಡ್ಡಿ ಇರುವುದು 1200 ಮೀಟರಿನಾಚೆ. ಆರುನೂರಕ್ಕೆ ಒಂದು, ಸಾವಿರದ ಇನ್ನೂರಕ್ಕೆ ಮೂರು: ಇದು ನಿಯಮ. ಅಂದರೆ ಯಾರೋ ಒಬ್ಬ ಗಸ್ತಿನವನು ಈ ಮಳೆಯಲ್ಲಿ, ಈ ಏರಿನಲ್ಲಿ, ಅಷ್ಟು ದೂರ ಓಡಿ ಬಂದಿದ್ದಾನೆ. ಒಂದೇ ಸದ್ದಾಗಿದ್ದರೆ ನಿಮಗೆ ಉಳಿಯುತ್ತಿದ್ದುದು ಅದರರ್ಧ.

ಪೈಲಟ್‌ರ ಕೈ ಬ್ರೇಕಿನ ಮೇಲಿದೆ. ಎಮರ್ಜೆನ್ಸಿಗೆ ತಳ್ಳಬಹುದು, ಒಂದೇ ಏಟಿಗೆ ಗಾಳಿ ಪೂರ್ತಿ ಖಾಲಿ. ಒದ್ದೆ ಹಳಿ, ತಿರುವು. ಚಕ್ರ ಕಚ್ಚಿಕೊಂಡು ಜಾರಿದರೆ? ತಳ್ಳದೆ, ಜಾಗ ಸಾಲದೆ ಹೋದರೆ? ಕೈ ಅಲ್ಲೇ ನಿಂತಿದೆ. ಒಂದು ಉಸಿರು. ಹಂತಹಂತವಾಗಿ ಇಳಿಸುತ್ತಾರೆ. ನಾಲ್ಕೂವರೆ. ನಾಲ್ಕು. ಬೋಗಿಗಳು ಒಂದಕ್ಕೊಂದು ಒತ್ತಿ ನರಳುತ್ತವೆ. ವೇಗ ಇಪ್ಪತ್ತೆರಡು. ಹದಿನಾಲ್ಕು. ಮುಂದೆ ಕೆಂಪು ಲಾಂದ್ರ ಹುಚ್ಚೆದ್ದಂತೆ ಆಡುತ್ತಿದೆ. ಎಂಟು. ಮೂರು. ನಿಂತಿತು.

"ಬೆಣೆ ತಗೊಂಡು ಇಳಿ."

ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಬರೀ ಗಾಳಿಯ ಮೇಲೆ ನಂಬಿ ಬಿಡುವಂತಿಲ್ಲ. ಮರದ ಬೆಣೆಗಳನ್ನು ಎದೆಗವುಚಿ ಇಳಿಯುತ್ತೀರಿ. ಜಲ್ಲಿ ಕಾಲಡಿಯಲ್ಲಿ ಜರಿಯುತ್ತದೆ. ಒಂದೊಂದನ್ನೂ ಚಕ್ರಕ್ಕೆ ಕೊಟ್ಟು ಗುದ್ದುತ್ತೀರಿ. ಚಕ್ರದ ಬಿಸಿ ಮುಖಕ್ಕೆ ಹೊಡೆಯುತ್ತದೆ. ಅಂಗೈ ತರಚಿದ್ದು ಆಮೇಲೆ ಗೊತ್ತಾಗುತ್ತದೆ, ಕಾಲಿಗೆ ಇಂಬಳ ಹತ್ತಿದ್ದು ಅದಕ್ಕೂ ಆಮೇಲೆ.

ಗಸ್ತಿನವನು ಮಂಡಿ ಹಿಡಿದು ಏದುಸಿರು ಬಿಡುತ್ತಿದ್ದಾನೆ. "ಬಂಡೆ ಸಾರ್, ಹಳಿ ಮೇಲೇ ಕೂತಿದೆ. ಇನ್ನೂ ಮಣ್ಣು ಬೀಳ್ತಾ ಇದೆ."

ಹಿಂದುಗಡೆ ಗಾರ್ಡ್ ತಮ್ಮ ಡಿಟೋನೇಟರ್ ಹಿಡಿದು ಕತ್ತಲಲ್ಲಿ ಮೇಲಕ್ಕೆ ನಡೆದಿದ್ದಾರೆ, ಗಾಡಿಯ ಬೆನ್ನು ಕಾಯಲು. ಅತ್ತ ಸ್ಟೇಷನ್ ಮಾಸ್ಟರ್, ಮೈಸೂರಿನ ಕಂಟ್ರೋಲು, ಒಬ್ಬರ ಮುಖ ಒಬ್ಬರು ಕಾಣದೆ ಮಾತಾಡಿಕೊಳ್ಳುತ್ತಾರೆ. ಕಿಟಕಿಯ ಶಟರ್ ಎತ್ತಿ ಹೆಂಗಸೊಬ್ಬರು ಕೇಳುತ್ತಾರೆ: "ಏನಪ್ಪಾ, ಕ್ರಾಸಿಂಗಾ?" ಹೂಂ ಅನ್ನುತ್ತೀರಿ. ಅವರ ಮಗುವನ್ನು ಎಬ್ಬಿಸಬೇಕಾಗಿಲ್ಲ.

ಕ್ಯಾಬ್‌ಗೆ ಹತ್ತುವಷ್ಟರಲ್ಲಿ ತೀರ್ಮಾನ ಬಂದಿದೆ: ಮುಂದೆ ದಾರಿಯಿಲ್ಲ. ಮೇಲಿನಿಂದ ಎಂಜಿನ್ ಬಂದು ಗಾಡಿಯನ್ನು ಹಿಂದಕ್ಕೆ ಎಳೆದೊಯ್ಯಬೇಕು, ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು.

"ಅದು ಕೂಡಿಕೊಂಡು, ಗೇಜ್ ಐದು ತೋರಿಸೋ ತನಕ ಬೆಣೆ ಮುಟ್ಟಬೇಡ," ಅನ್ನುತ್ತಾರೆ ಪೈಲಟ್. "ನಾ ಹೇಳಿದ್ರೂ ಗೇಜ್ ನೋಡ್ದೆ ತೆಗೀಬೇಡ."