ಓದಿ ಹೇಳುವವರು

ಗೋಲಗುಂಬಜ, ಬಿಳಿಜೋಳ, ಬರಗಾಲ ಎಲ್ಲ ಆಮೇಲೆ. ವಿಜಯಪುರ ಜಿಲ್ಲೆ ಎಂದಾಗ ನನಗೆ ಮೊದಲು ನೆನಪಾಗುವುದು ಮಕ್ಕಳ ಪದ್ಯಗಳು. ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ.ಮ. ಪೂಜಾರ ಹೀಗೆ ಒಂದೇ ಸೀಮೆಯಲ್ಲಿ ಇಷ್ಟು ಮಂದಿ ಮಕ್ಕಳಿಗಾಗಿ ಬರೆದದ್ದು ದೊಡ್ಡ ಮಾತು. ಕಂಚ್ಯಾಣಿಯವರಿಗೆ 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಇವರಲ್ಲಿ ಹಲವರು ಸಾಲಿ ಮಾಸ್ತರರು. ಬರೆದ ಪದ್ಯ ನಾಲಿಗೆಯ ಮೇಲೆ ಹೊರಳುತ್ತದೋ ತೊಡರುತ್ತದೋ ಎಂಬುದನ್ನು ಎದುರಿಗೆ ಕೂತ ಮಕ್ಕಳೇ ಹೇಳಿಬಿಡುತ್ತಿದ್ದರು.

ಅದಕ್ಕೂ ಹಿಂದೆ, ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನರ ಗೆಳೆಯರ ಬಳಗ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡಿತು. ಆ ಹಾಡುಗಳ ಸಂಕಲನ ‘ಗರತಿಯ ಹಾಡು’ ಅಚ್ಚಾದದ್ದು 1931ರಲ್ಲಿ. ಬೀಸುವ ಕಲ್ಲಿನ ಮಗ್ಗಲಲ್ಲಿ ಮಲಗಿದ್ದ ಕೂಸಿಗೆ ಅಕ್ಷರ ಬರುವ ಮೊದಲೇ ಮಾತಿನ ಲಯ ಸಿಕ್ಕಿತ್ತು. ಓದು ಶುರುವಾಗುವುದು ಅಲ್ಲಿಂದ ಎಂದು ನಾನು ಬಲವಾಗಿ ನಂಬುತ್ತೇನೆ.

ಮೊಬೈಲು ಕಸಿದುಕೊಳ್ಳುವುದು ಹೀಗೆ ಎದುರಿಗಿದ್ದವರ ಬಾಯಿಂದ ಕೇಳುವುದನ್ನೇ. ಅದರಲ್ಲೂ ಕಥೆಯಿದೆ, ಹಾಡಿದೆ. ಆದರೆ ಮಗು ನಡುವೆ ‘ಯಾಕ?’ ಎಂದರೆ ಅದು ನಿಲ್ಲುವುದಿಲ್ಲ. ಓದಿ ಹೇಳುವ ಅಜ್ಜ ನಿಲ್ಲುತ್ತಾನೆ, ಹಿಂದಿನ ಪುಟಕ್ಕೆ ಹೋಗುತ್ತಾನೆ, ಇಲ್ಲದ್ದನ್ನು ಸೇರಿಸಿ ಹೇಳುತ್ತಾನೆ. ನರಿ ಎಂಬ ಎರಡಕ್ಷರ ಓದಿದ ಮಗು ತನ್ನ ನರಿಯನ್ನು ತಾನೇ ಮಾಡಿಕೊಳ್ಳಬೇಕು. ಪರದೆಯಲ್ಲಿ ಬಾಲದ ಬಣ್ಣದವರೆಗೆ ಎಲ್ಲ ತಯಾರು. ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

ಹಾಗೆಂದು ಮುದ್ದೇಬಿಹಾಳದ ತಾಂಡಾದಲ್ಲಿ ನಿಂತು ಮೊಬೈಲನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಪ್ಪ–ಅವ್ವ ಗೋವಾಕ್ಕೆ ದುಡಿಯಲು ಹೋಗಿರುತ್ತಾರೆ, ಇಲ್ಲವೇ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು. ಮುದುಕಿಯ ಹತ್ತಿರ ಉಳಿದ ಮಗುವಿಗೆ ಅವ್ವನ ಮುಖ ಕಾಣುವುದು ಅದೇ ಅಂಗೈಯಗಲದ ಗಾಜಿನಲ್ಲಿ. ಹೊಲದಿಂದ ದಣಿದು ಬಂದವರು ಅಳುವ ಮಗುವಿನ ಕೈಗೆ ಅದನ್ನು ಕೊಟ್ಟು ರೊಟ್ಟಿ ಬಡಿದರೆ ಅವರನ್ನು ದೂರುವುದು ಅನ್ಯಾಯ.

ದೂರುವ ಬದಲು ಪುಸ್ತಕವನ್ನು ಆ ಮಗುವಿನ ಹತ್ತಿರ ಒಯ್ಯಬೇಕು. ಅದಕ್ಕೊಂದು ದಾರಿ ಈಗಾಗಲೇ ಇದೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಬಸವನ ಬಾಗೇವಾಡಿಯ ಸುತ್ತಲಿನ ಹಳ್ಳಿಗಳ ಕಪಾಟುಗಳಲ್ಲಿ ಈ ಜಿಲ್ಲೆಯ ಮಾಸ್ತರರ ಪದ್ಯಗಳೇ ಮೊದಲ ಸಾಲಿನಲ್ಲಿರಲಿ. ತನ್ನ ಮನೆಯ ಮಾತು ಅಚ್ಚಿನಲ್ಲಿ ಕಂಡರೆ ಮಗು ಪುಸ್ತಕಕ್ಕೆ ಹೆದರುವುದಿಲ್ಲ. ಓದಿ ಹೇಳಲು ಏಳನೆಯ ತರಗತಿಯ ಅಕ್ಕ ಸಾಕು.

ಆ ಪುಸ್ತಕ ಮನೆಗೂ ಹೋಗಲಿ. ಗೋವಾದಿಂದ ಅವ್ವ ವಿಡಿಯೊ ಕಾಲ್ ಮಾಡಿದಾಗ ‘ಉಂಡೇನು?’ ಎಂದು ಕೇಳಿದ ಮೇಲೆ, ‘ಇವತ್ತೇನ ಓದಿದಿ? ನನಗೂ ಒಂದೀಟು ಓದಿ ಹೇಳು’ ಎಂದೂ ಕೇಳಲಿ.