ಹಾನ್ಲೆಗೊಂದು ಅಗಸ್ತ್ಯ

ಅವತ್ತು ರಾತ್ರಿ ಕಾಕಾರ ಹೊಲದಲ್ಲಿ ದಪ್ಪ ಕಟಗಿ ಜೋಡಿಸಿ ಬೆಂಕಿ ಹಾಕಿದ್ದೆವು. ಜಾಂಬೋಟಿಯ ದೊಡ್ಡ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಹೊಲ. ಖಾನಾಪುರ ತಾಲೂಕಿನ ಆ ಅಂಚಿನಲ್ಲಿ ಡಿಸೆಂಬರ್ ಬಂತೆಂದರೆ ಹೊತ್ತು ಮುಳುಗುವುದೇ ತಡ, ಥಂಡಿಗೆ ಕೈಬೆರಳು ಸೆಟೆಯುತ್ತವೆ. ಭತ್ತ ಕೊಯ್ದು ಬಣವಿ ಒಟ್ಟಿದ್ದರು, ಕಬ್ಬು ಇನ್ನೂ ನಿಂತಿತ್ತು. 2023ರ ಡಿಸೆಂಬರ್ 13, ಅಮಾವಾಸ್ಯೆಯ ಮರುದಿನ, ಜೆಮಿನಿಡ್ ಉಲ್ಕೆಗಳು ಬೀಳುವ ರಾತ್ರಿ. ನೋಡಬೇಕು ಅಂತ ಹಟ ಹಿಡಿದ ತಂಗಿಯ ಮಕ್ಕಳಿಬ್ಬರನ್ನೂ ಬೆಳಗಾವಿಯಿಂದ ಕರೆದುಕೊಂಡು ಬಂದಿದ್ದೆ.

ಕಾಕು ಕಬ್ಬಿಣದ ಬುಟ್ಟಿಯಲ್ಲಿ ಹರಳುಪ್ಪು ಹುರಿದು, ಹಳೇ ಧೋತರದ ತುಂಡಿನಲ್ಲಿ ಗಂಟು ಕಟ್ಟಿಕೊಟ್ಟಿದ್ದರು. ಮೊಣಕಾಲಿಗೆ ಶಾಖ ಕೊಡುವ ಗಂಟು ಅದು. ನಾನು ಅದನ್ನು ಕ್ಯಾಮೆರಾದ ಲೆನ್ಸಿನ ಕೊರಳಿಗೆ ಸುತ್ತಿ ದಾರ ಬಿಗಿದೆ. ನಮ್ಮ ಕಡೆ ರಾತ್ರಿ ಫೋಟೊ ತೆಗೆಯುವವನಿಗೆ ಇಬ್ಬನಿಯೇ ದೊಡ್ಡ ವೈರಿ. ಲೆನ್ಸು ಗಾಳಿಗಿಂತ ತಣ್ಣಗಾಯಿತೋ, ಇಪ್ಪತ್ತು ನಿಮಿಷದೊಳಗೆ ಗಾಜಿನ ಮೇಲೆ ಪೊರೆ ಕಟ್ಟಿ, ನಕ್ಷತ್ರಗಳೆಲ್ಲ ಹತ್ತಿಯ ಉಂಡೆಗಳಾಗುತ್ತವೆ. ಗಾಜನ್ನು ಒಂದೆರಡು ಡಿಗ್ರಿ ಬೆಚ್ಚಗಿಟ್ಟರೆ ಸಾಕು.

"ಮಾಮಾ, ಹಾನ್ಲೆಕ್ಕ ಹೋದಾಗೂ ಹಿಂಗ ಉಪ್ಪು ಕಟ್ಟಿದ್ದೇನು?" ಸಣ್ಣವಳು ಕೇಳಿದಳು. ಎರಡು ತಿಂಗಳಿಂದ ಹೇಳುತ್ತೇನೆ, ಹೇಳುತ್ತೇನೆ ಅನ್ನುತ್ತ ಬಂದಿದ್ದ ಕಥೆ ಹೀಗೆ ಶುರುವಾಯಿತು.

ಅಲ್ಲಿ ಉಪ್ಪು ಬೇಕಾಗಲೇ ಇಲ್ಲ, ಅಂದೆ. ಲಡಾಖಿನ ಆ ಮೂಲೆಯ ಗಾಳಿಯಲ್ಲಿ ನೀರಿನ ಪಸೆಯೇ ಇಲ್ಲ. ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 10 ಸೆಂಟಿಮೀಟರ್ ಕೂಡ ಬೀಳುವುದಿಲ್ಲ. ನಮ್ಮ ಕಣಕುಂಬಿಯಲ್ಲಿ ಆಷಾಢದ ಒಂದು ದಿನ ಅಷ್ಟು ಸುರಿದುಬಿಡುತ್ತದೆ. ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಮಲಗಿ ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ಪರವಾನಗಿ ಮಾಡಿಸಿಕೊಂಡು, ಸಿಂಧೂ ನದಿಯ ದಂಡೆ ಹಿಡಿದು ಇಡೀ ದಿನ ಗಾಡಿಯಲ್ಲಿ ಕೂತರೆ ಹಾನ್ಲೆ. ಊರಿನ ಹತ್ತಿರದ ಬೋಳುಗುಡ್ಡಕ್ಕೆ ಅವರ ಮಾತಿನಲ್ಲಿ ದಿಗ್ಪಾ ರತ್ಸಾ ರಿ, ಅಂದರೆ ಚೇಳಿನ ಗುಡ್ಡ, ಅಂತ ಹೆಸರು. ನಮ್ಮ ವಿಜ್ಞಾನಿಗಳು ಅದನ್ನು ಸರಸ್ವತಿ ಪರ್ವತ ಅಂತ ಕರೆದಿದ್ದಾರೆ. ನೆತ್ತಿ 4,500 ಮೀಟರ್. ಆರು ಬೆಳಗಾವಿಯನ್ನು ಒಂದರ ಮೇಲೊಂದು ಪೇರಿಸಿದಷ್ಟು ಎತ್ತರ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ಅಲ್ಲಿ ಎರಡು ಮೀಟರ್ ಕನ್ನಡಿಯ ದೂರದರ್ಶಕ ಕೂರಿಸಿದೆ. 2000ದ ಸೆಪ್ಟೆಂಬರಿನಲ್ಲಿ ಅದು ಮೊದಲ ಬಾರಿ ಆಕಾಶ ನೋಡಿತು.

ನಾನು ಮುಟ್ಟಿದ ದಿನ ಅಕ್ಟೋಬರ್ 14, ಮಹಾಲಯ ಅಮಾವಾಸ್ಯೆ. ಪಿತೃಪಕ್ಷದಾಗ ಅಷ್ಟು ದೂರ ಯಾಕ ಹೋಗ್ತಿ ಅಂತ ಅವ್ವ ಬೇಸರ ಮಾಡಿಕೊಂಡಿದ್ದಳು. ಚಂದ್ರನಿಲ್ಲದ ರಾತ್ರಿ ನನಗೆ ಬೇಕಿತ್ತು, ಏನು ಮಾಡಲಿ! ಸಂಜೆ ಗುಡ್ಡದ ಬುಡದಲ್ಲಿ ನಿಂತು ಉದ್ದ ಲೆನ್ಸು ಹಾಕಿ ಗುಮ್ಮಟವನ್ನೇ ನೋಡುತ್ತಿದ್ದೆ. ಸೂರ್ಯ ಇಳಿದು ಕೆಳಗಿನ ಬಯಲೆಲ್ಲ ನೀಲಿಯಾಗಿತ್ತು, ಗುಮ್ಮಟದ ನೆತ್ತಿಯಲ್ಲಿ ಮಾತ್ರ ಇನ್ನೂ ಬಿಸಿಲಿನ ಬಣ್ಣ. ಅದರ ಸೀಳು ಮೆಲ್ಲಗೆ ತೆರೆಯಿತು. ಆಮೇಲೆ ಗುಮ್ಮಟ ತಿರುಗತೊಡಗಿತು, ಯಾರೋ ಕುತ್ತಿಗೆ ಹೊರಳಿಸಿ ನೋಡಿದ ಹಾಗೆ. ತಿರುಗಿಸುತ್ತಿದ್ದವರು ಗುಡ್ಡದ ಮೇಲೆ ಕೂತಿರಲಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯ ಕೋಣೆಯೊಂದರಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೇಲೆ ಖಗೋಳಜ್ಞರು ಆ ದೂರದರ್ಶಕವನ್ನು ನಡೆಸುತ್ತಾರೆ. ಹೊಸಕೋಟೆಯಲ್ಲಿ ಆಗ ಹಿಂಗಾರಿನ ಮಳೆ ಹೊಡೆಯುತ್ತಿತ್ತೋ ಏನೋ, ಕಿಟಕಿ ಮುಚ್ಚಿಕೊಂಡು ಹಾನ್ಲೆಯ ನಕ್ಷತ್ರ ನೋಡುತ್ತಿದ್ದರೋ ಏನೋ. ಆ ಚಳಿಯಲ್ಲಿ ನನಗೆ ಊರಿನವರು ಯಾರೋ ಸಿಕ್ಕಷ್ಟು ಸಮಾಧಾನವಾಯಿತು.

ಕತ್ತಲು ಪೂರ್ತಿ ಇಳಿದಾಗ ಗುಡ್ಡ ನೈಋತ್ಯಕ್ಕೆ ಬರುವ ಹಾಗೆ ಜಾಗ ಹುಡುಕಿಕೊಂಡು ನಿಂತೆ. ಅದೇ ದಿಕ್ಕಿಗೆ ವೃಶ್ಚಿಕ ರಾಶಿ ಮುಳುಗುತ್ತಿತ್ತು. ಚೇಳಿನ ಗುಡ್ಡದ ಹಿಂದೆ ಚೇಳು ಇಳಿಯುತ್ತಿದೆ, ಅದರ ಬಾಲದಿಂದ ಆಕಾಶಗಂಗೆ ಎದ್ದು ನೆತ್ತಿಯವರೆಗೆ ಹರಿದಿದೆ. ಇಪ್ಪತ್ತು ಸೆಕೆಂಡಿನ ಒಂದು ಫ್ರೇಮು ತೆಗೆದು, ಸರಿ ಬಂತೋ ಇಲ್ಲವೋ ನೋಡಲು ಹಣೆಯ ಟಾರ್ಚ್ ಹಚ್ಚಿಬಿಟ್ಟೆ.

ಒಂದು ಕೈ ಬಂದು ಟಾರ್ಚನ್ನು ಮುಚ್ಚಿತು. ನಾನು ಇಳಿದುಕೊಂಡಿದ್ದ ಮನೆಯ ಮಗಳು, ಇಪ್ಪತ್ತೆರಡು ಇರಬಹುದು. ಬಯ್ಯಲಿಲ್ಲ. ಪ್ರವಾಸಿಗಳಿಗೆ ಪುಟ್ಟ ದೂರದರ್ಶಕದಲ್ಲಿ ಶನಿಯ ಬಳೆ ತೋರಿಸುತ್ತಿದ್ದಳು. ನನ್ನ ಬೆಳಕಿನಿಂದ ಅಲ್ಲಿದ್ದ ಎಂಟು ಮಂದಿಯ ಕಣ್ಣು ಕೆಟ್ಟವು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಕೆಡಲು ಒಂದು ಕ್ಷಣ. ಜೇಬಿನಿಂದ ಕೆಂಪು ಜಿಲೇಟಿನ್ ಕಾಗದ ತೆಗೆದು, ಎರಡು ಮಡಿಕೆ ಮಾಡಿ, ಕೂದಲಿಗೆ ಕಟ್ಟಿದ್ದ ರಬ್ಬರನ್ನೇ ಬಿಚ್ಚಿ ನನ್ನ ಟಾರ್ಚಿಗೆ ಬಿಗಿದಳು. ಆ ರಬ್ಬರ್ ಈಗಲೂ ಟಾರ್ಚಿನ ಮೇಲೇ ಇದೆ. ಮಕ್ಕಳಿಗೆ ತೋರಿಸಿದೆ.

2022ರಲ್ಲಿ ಅಲ್ಲಿಯ 1,073 ಚದರ ಕಿಲೋಮೀಟರ್ ನೆಲವನ್ನು ಕತ್ತಲಿನ ಆಕಾಶಕ್ಕಾಗಿ ಕಾದಿರಿಸಿದ್ದಾರೆ. ಊರಿನವರೇ 24 ಮಂದಿಗೆ ತರಬೇತಿ ಕೊಟ್ಟು ದೂರದರ್ಶಕ ಕೊಟ್ಟಿದ್ದಾರೆ. ಹೊತ್ತು ಮುಳುಗಿದ ಮೇಲೆ ಮನೆಮನೆಯ ಕಿಟಕಿಗೆ ದಪ್ಪ ಪರದೆ ಬೀಳುತ್ತದೆ, ಗಾಡಿಗಳು ದೀಪ ತಗ್ಗಿಸುತ್ತವೆ. ಕಾಕಾ ಇದನ್ನು ಕೇಳಿ, "ಮಂದಿ ಒಪ್ಪಿದ್ರಾ?" ಅಂದರು. ಒಪ್ಪಿದ್ದರು. ನಾನು ಮೂರು ರಾತ್ರಿ ನೋಡಿದೆ, ಒಂದು ಕಿಟಕಿಯೂ ಹೊಳೆಯಲಿಲ್ಲ.

ಆಮೇಲೆ ಧ್ರುವನನ್ನು ನಡುವೆ ಇಟ್ಟುಕೊಂಡು ನಕ್ಷತ್ರಗಳು ಸುತ್ತುವ ಫೋಟೊಕ್ಕೆ ಕೂತೆ. ಬೆಳಗಾವಿಯ ರೂಢಿಯಲ್ಲೇ 35 ಎಂಎಂ ಲೆನ್ಸು, ಕೆಳಗೆ ಗುಡ್ಡ. ಕತ್ತಲಲ್ಲಿ ಅಂದಾಜಿನ ಮೇಲೆ ಇಟ್ಟು ಒಂದು ಗಂಟೆ ಓಡಿಸಿದೆ. ನೋಡಿದರೆ ಫೋಟೊದಲ್ಲಿ ಬರೀ ಕಮಾನುಗಳು, ಧ್ರುವನೇ ಇಲ್ಲ! ಚೌಕಟ್ಟಿನ ಆಚೆ, ಮೇಲೆಲ್ಲೋ ನಿಂತಿದ್ದ. ಊರು ಎಷ್ಟು ಅಕ್ಷಾಂಶದಲ್ಲಿದೆಯೋ ಅಷ್ಟೇ ಡಿಗ್ರಿ ಎತ್ತರಕ್ಕೆ ಧ್ರುವ ಕಾಣುತ್ತಾನೆ. ಖಾನಾಪುರದಲ್ಲಿ ಹದಿನಾರಕ್ಕೂ ಕಡಿಮೆ, ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಹಾನ್ಲೆಯಲ್ಲಿ ಸುಮಾರು 33. ಪುಸ್ತಕದಲ್ಲಿ ಓದಿದ್ದೆ, ನನ್ನ ಕೈಗೆ ಮಾತ್ರ ಹದಿನಾರೇ ಅಭ್ಯಾಸವಾಗಿತ್ತು. ಮಕ್ಕಳು ಎದ್ದು, ಇಲ್ಲಿಯ ಧ್ರುವನಿಗೆ ಮುಷ್ಟಿ ಅಳೆದು ನೋಡಿದರು. ದೊಡ್ಡವನ ಲೆಕ್ಕ ಸರಿ ಬಂತು, ಸಣ್ಣವಳಿಗೆ ಎರಡು ಮುಷ್ಟಿ ಹಿಡಿಯಿತು.

ಆ ರಾತ್ರಿ ಇನ್ನೊಂದು ಕಂಡೆ. ಫೋಟೊದ ಅಂಚಿಗೆ, ದಿಗಂತದ ಮೇಲೆ ತೆಳುವಾದ ಹಸಿರು ಬೆಳಕಿನ ಪಟ್ಟಿ. ಬೆಳಗಾವಿಯವನು ನಾನು, ದಿಗಂತದಲ್ಲಿ ಬೆಳಕು ಕಂಡರೆ ಯಾವುದೋ ಪಟ್ಟಣ ಅಂದುಕೊಳ್ಳುವವನು. ಆ ಕಡೆ ಯಾವ ಊರು ಅಂತ ಹುಡುಗಿಯನ್ನು ಕೇಳಿದೆ. ಊರೇ ಇಲ್ಲ, ಗಾಳಿಯೇ ಬೆಳಗುತ್ತಿದೆ ಅಂದಳು. ಹಗಲೆಲ್ಲ ಬಿಸಿಲು ಕುಡಿದ ಗಾಳಿಯಲ್ಲಿ, ನೆಲದಿಂದ ಸುಮಾರು ನೂರು ಕಿಲೋಮೀಟರ್ ಮೇಲೆ, ಆಮ್ಲಜನಕದ ಪರಮಾಣುಗಳು ರಾತ್ರಿ ಹಸಿರಾಗಿ ಹೊಳೆಯುತ್ತವೆ. ನಮ್ಮ ಹೊಲದ ಮೇಲೂ ಅದು ಇದೆ. ಈಶಾನ್ಯಕ್ಕೆ ಬೆಳಗಾವಿಯ ಕೆಂಬೆಳಕು, ಪಶ್ಚಿಮಕ್ಕೆ ಗೋವೆಯದು, ಇವೆರಡರ ನಡುವೆ ನನಗೆ ಒಮ್ಮೆಯೂ ಕಂಡಿರಲಿಲ್ಲ.

"ಅಂಥಾ ದುರ್ಬೀನು ನಮ್ಮ ಕಡೆ ಯಾಕ ಇಡಲಿಲ್ಲೋ ತಮ್ಮಾ? ಗುಡ್ಡಕ್ಕೇನು ಬರ ಐತೇನು?" ಕಾಕಾ ಕೇಳಿದರು. ಮಳೆ, ಕಾಕಾ, ಅಂದೆ. ನಾಲ್ಕು ತಿಂಗಳು ಮೋಡ, ಉಳಿದಾಗ ಗಾಳಿಯಲ್ಲಿ ತೇವ. ಆಕಾಶದಿಂದ ಬರುವ ಅವಕೆಂಪು ಕಿರಣಗಳನ್ನು ಆ ನೀರಾವಿಯೇ ನುಂಗುತ್ತದೆ. ಮಲಪ್ರಭೆ, ಮಹಾದಾಯಿ ನಮ್ಮ ತಾಲೂಕಿನಲ್ಲೇ ಹುಟ್ಟುವುದೂ ಆ ಮಳೆಯಿಂದಲೇ, ಅದಕ್ಕೆ ನನಗೇನೂ ದುಃಖವಿಲ್ಲ.

ಆದರೂ ನಮ್ಮ ಸೀಮೆಗೆ ಇದರಲ್ಲಿ ಪಾಲೇ ಇಲ್ಲ ಅನ್ನುವಂತಿಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತ ಜಮಖಂಡಿಯಲ್ಲಿ ಬಿಡಾರ ಹೂಡಿದ್ದ. ಮೋಡದ ಸಂದಿನಲ್ಲೇ ಸಿಕ್ಕ ಕ್ಷಣಗಳಲ್ಲಿ ರೋಹಿತದರ್ಶಕ ಹಿಡಿದು, ಸೂರ್ಯನ ಅಂಚಿನ ಕೆಂಪು ಜ್ವಾಲೆಯಲ್ಲಿ ಹೊಳೆಯುವ ಗೆರೆಗಳನ್ನು ಕಂಡ. ಆ ಜ್ವಾಲೆಗಳು ಕಾದ ಅನಿಲ ಅಂತ ಗೊತ್ತಾಗಿದ್ದು ಆ ಗ್ರಹಣದಲ್ಲೇ. ನನಗೆ ಈ ಸಂಗತಿ ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಇವನ ತಂದೆ ಸರ್ ಜಾನ್ ಹರ್ಷೆಲ್, ಹೈಪೊ ಹಾಕಿ ಫೋಟೊ ಅಳಿಯದಂತೆ ನಿಲ್ಲಿಸಬಹುದು ಅಂತ ತೋರಿಸಿಕೊಟ್ಟವರು. ಖಡೇಬಜಾರದಲ್ಲಿ ನಮ್ಮಪ್ಪನ ಸ್ಟುಡಿಯೊದ ಕತ್ತಲಕೋಣೆಯಲ್ಲಿ ನಾನು ಆಡಿ ಬೆಳೆದದ್ದೇ ಆ ಹೈಪೊ ವಾಸನೆಯಲ್ಲಿ. ಹೈಪೊದ ಆ ಗುಣ ತೋರಿಸಿಕೊಟ್ಟವರ ಮಗ ನಮ್ಮ ಸೀಮೆಯ ಮಣ್ಣಿನ ಮೇಲೆ ನಿಂತು ಸೂರ್ಯನನ್ನು ನೋಡಿದ ಅಂತ ಓದಿದ ದಿನ, ಹೇಳಲು ಅಪ್ಪ ಇರಲಿಲ್ಲ.

ಬೆಂಕಿಗೆ ಇನ್ನೊಂದು ಕಟಗಿ ಬಿತ್ತು. ಕಿಡಿ ಹಾರಿದ ಕಡೆಗೆ ತಲೆ ಎತ್ತಿದವರಿಗೆ ಒಂದು ಉದ್ದನೆಯ ಉಲ್ಕೆ ಕಂಡಿತು, ಕಾಕುಗೆ ತಪ್ಪಿತು.

ಹಾನ್ಲೆಯ ಮನೆಯಲ್ಲೂ ಹೀಗೇ ಬೆಂಕಿಯ ಸುತ್ತ ಕೂರುತ್ತಿದ್ದೆವು. ನಡುಮನೆಯಲ್ಲಿ ತಗಡಿನ ಒಲೆ, ಅದರೊಳಗೆ ಯಾಕ್ ಸಗಣಿಯ ಕುಳ್ಳು. ಮನೆಯ ತಾಯಿಯನ್ನು ಎಲ್ಲರೂ ಆಮಾ-ಲೇ ಅನ್ನುತ್ತಿದ್ದರು. ನಮ್ಮಲ್ಲಿ ಹಿರಿಯರಿಗೆ ಲೇ ಅಂದರೆ ಬೆನ್ನಿಗೆ ಗುದ್ದು ಬೀಳುತ್ತದೆ. ಅವರಲ್ಲಿ ಅದು ನಮ್ಮ 'ರೀ' ಇದ್ದ ಹಾಗೆ. ಮೊದಲ ದಿನ ಆ ಮಾತು ನನ್ನ ನಾಲಿಗೆಗೆ ಬರಲೇ ಇಲ್ಲ. ಬೆಳಗಾವಿಯಿಂದ ಒಯ್ದ ಕುಂದಾ ಚಳಿಗೆ ಕಲ್ಲಾಗಿತ್ತು, ಒಲೆಯ ಪಕ್ಕ ಇಟ್ಟು ಮೆತ್ತಗೆ ಮಾಡಿಕೊಂಡು ತಿಂದರು. ಹಾಲನ್ನು ಎಷ್ಟು ಹೊತ್ತು ಕಾಯಿಸುತ್ತೀರಿ ಅಂತ ಆಮಾ-ಲೇ ಕೇಳಿದರು. ಹಾಲು ಗೊತ್ತಿದ್ದವರ ಪ್ರಶ್ನೆ.

ಅಲ್ಲಿಯೇ ಅಗಸ್ತ್ಯನ ಮಾತು ಬಂದದ್ದು. ನಿಮ್ಮೂರಲ್ಲಿ ಇಲ್ಲಿ ಕಾಣದ ನಕ್ಷತ್ರ ಏನಾದರೂ ಇದೆಯೇ ಅಂತ ಹುಡುಗಿ ಕೇಳಿದ್ದಳು. ಅಗಸ್ತ್ಯ ಅಂದೆ. ಲುಬ್ಧಕನ ನಂತರ ರಾತ್ರಿಯ ಆಕಾಶದಲ್ಲಿ ಅತಿ ಹೆಚ್ಚು ಬೆಳಗುವ ನಕ್ಷತ್ರ, ಸುಮಾರು 310 ಜ್ಯೋತಿರ್ವರ್ಷ ದೂರ. ನಮ್ಮಲ್ಲಿ ದಕ್ಷಿಣಕ್ಕೆ 22 ಡಿಗ್ರಿ ಏರುತ್ತಾನೆ. ಹಾನ್ಲೆಯಲ್ಲಿ ಲೆಕ್ಕದ ಪ್ರಕಾರ ನಾಲ್ಕೂವರೆ ಅಷ್ಟೇ. ಉತ್ತರಕ್ಕೆ ಹೋದಷ್ಟೂ ಧ್ರುವ ಏರುತ್ತಾನೆ, ಅಗಸ್ತ್ಯ ಇಳಿಯುತ್ತಾನೆ. ವಿಂಧ್ಯವನ್ನು ಬಗ್ಗಿಸಿ ದಕ್ಷಿಣಕ್ಕೆ ಬಂದ ಋಷಿ ಮರಳಿ ಹೋಗಲಿಲ್ಲ ಎಂಬ ಕಥೆ ಹುಟ್ಟಿದ್ದೇ ಹೀಗೆ ನೋಡಿ ನೋಡಿ ಇರಬೇಕು ಅಂತ ನನಗನ್ನಿಸುತ್ತದೆ.

ಬೆಳಗಿನ ನಾಲ್ಕೂವರೆಗೆ ಇಬ್ಬರೂ ಹೊರಗೆ ಬಂದೆವು. ಬ್ಯಾಟರಿಗಳು ಚಳಿಗೆ ಸಾಯದಿರಲೆಂದು ರಾತ್ರಿಯೆಲ್ಲ ಬನಿಯನ್ನಿನ ಒಳಗೆ ಇಟ್ಟುಕೊಂಡಿದ್ದೆ. ಪೂರ್ವದಲ್ಲಿ ಶುಕ್ರ ಎಷ್ಟು ಬೆಳಗುತ್ತಿದ್ದನೆಂದರೆ, ಬಿಳಿ ಮರಳಿನ ಮೇಲೆ ನನ್ನ ನೆರಳು ಬಿದ್ದಿತ್ತು. ಕೈ ಎತ್ತಿದೆ, ನೆರಳೂ ಎತ್ತಿತು. ದಕ್ಷಿಣಕ್ಕೆ ಗುಡ್ಡದ ಸಾಲು. ಕಾದೆವು. ಆ ಸಾಲಿನ ಹಿಂದೆಯೇ ಅಗಸ್ತ್ಯ ಮೂಡಿ, ಅಲ್ಲೇ ಹಾದುಹೋದ. ಬೆಳಕು ಹರಿಯಿತು. "ನಿಮ್ಮೂರಿಂದ ಒಂದು ಫೋಟೊ ಕಳಿಸ್ರಿ. ಬರೇ ನಕ್ಷತ್ರ ಬೇಡ, ನೆಲ ಕಾಣಬೇಕು" ಅಂತ ಹಿಂದಿಯಲ್ಲಿ ಹೇಳಿದಳು.

"ಕಳಿಸಿದ್ಯೇನು?" ಕಾಕಾ ಕೇಳಿದರು.

"ಅದಕ್ಕಽ ಬಂದೇನ್ರಿ."

ರಾತ್ರಿ ಒಂದು ದಾಟಿತ್ತು. ನೆತ್ತಿಯ ಮೇಲೆ ಮಿರಗ. ಮಿರಗದ ಮಳಿ ಅನ್ನುವಾಗ ಸೂರ್ಯ ಆ ನಕ್ಷತ್ರದಲ್ಲೇ ಇರುವುದರಿಂದ ಅದು ಜೂನಿನಲ್ಲಿ ಕಾಣುವುದಿಲ್ಲ, ಬಿತ್ತಿದ್ದೆಲ್ಲ ಮನೆಗೆ ಬಂದ ಮೇಲೆ ಹೀಗೆ ಥಂಡಿಯಲ್ಲಿ ಕಾಣುತ್ತದೆ. ದಕ್ಷಿಣಕ್ಕೆ ಭೀಮಗಡದ ಕಾಡಿನ ಕಪ್ಪು ಸಾಲಿನ ಮೇಲೆ ಅಗಸ್ತ್ಯ ಒಬ್ಬನೇ ನಿಂತಿದ್ದ. ಕ್ಯಾಮೆರಾ ಆ ಕಡೆ ತಿರುಗಿಸಿದೆ. ಕಬ್ಬಿನ ಅಂಚಿಗೆ ಬಿದಿರಗಳಕ್ಕೆ ಕಟ್ಟಿದ ಎಲ್‌ಇಡಿ ಬಲ್ಬು ಚೌಕಟ್ಟಿನ ನಟ್ಟನಡುವೆ ಉರಿಯುತ್ತಿತ್ತು. ಆರಿಸಿರಿ ಅನ್ನಲು ಬಾಯಿ ಬರಲಿಲ್ಲ. ಹಿಂದಿನ ವಾರವಷ್ಟೇ ಹಂದಿಗಳು ಎರಡು ಸಾಲು ಕಬ್ಬು ಕೆಡವಿದ್ದವು.

ಕಾಕಾ ನನ್ನ ಮುಖ ನೋಡಿದರು, ಬಲ್ಬು ನೋಡಿದರು. "ಹತ್ತು ನಿಮಿಷ ಬಂದ್ ಮಾಡ್ತೇನಿ. ನಾ ಅಲ್ಲೇ ಒಡ್ಡಿನ ಮ್ಯಾಲ ನಿಂದರ್ತೇನಿ, ಹಂದಿ ಬಂದ್ರ ಹೊಡೀತೇನಿ. ಅಷ್ಟರಾಗ ತಗೊ." ಕಾಕು ಬೆಂಕಿಯ ಮೇಲೆ ಬೂದಿ ಎಳೆದರು. ಬಲ್ಬು ಆರಿತು. ಮೊದಲು ಏನೂ ಕಾಣಲಿಲ್ಲ, ಆಮೇಲೆ ನಿಧಾನವಾಗಿ ಒಡ್ಡು, ಕಬ್ಬಿನ ಗರಿ, ಕಂಬಳಿ ಹೊದ್ದು ಬಡಿಗೆ ಊರಿ ನಿಂತ ಕಾಕಾ, ಅವರ ಭುಜದ ಮೇಲ್ಗಡೆ ಅಗಸ್ತ್ಯ.

"ಕಾಕಾ, ಅಲುಗಾಡಬ್ಯಾಡ್ರಿ, ಇಪ್ಪತ್ತು ಸೆಕೆಂಡ್" ಅಂತ ಕೂಗಿದೆ. ಸ್ಟುಡಿಯೊದಲ್ಲಿ ಅಪ್ಪ ಹೇಳುತ್ತಿದ್ದ ಧಾಟಿ ನನ್ನ ಬಾಯಲ್ಲಿ ಬಂತು. ಉಪ್ಪಿನ ಗಂಟು ಇನ್ನೂ ಉಗುರು ಬೆಚ್ಚಗಿತ್ತು. ಶಟರ್ ತೆರೆಯಿತು. ಮಕ್ಕಳು ಪಿಸುದನಿಯಲ್ಲಿ ಎಣಿಸಿದರು. ಮುಚ್ಚಿತು.

ಫೋಟೊದ ಮೇಲೆ ಬಗ್ಗಿದ ಮೂವರೂ ಅದನ್ನೇ ನೋಡುತ್ತ ಉಳಿದೆವು. ಆಯಿತು ಅಂತ ಹೇಳುವುದನ್ನು ಮರೆತುಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದರೆ, ಕಾಕಾ ಒಡ್ಡಿನ ಮೇಲೆ ಉಸಿರು ಬಿಗಿಹಿಡಿದವರ ಹಾಗೆ ಇನ್ನೂ ಅಲುಗದೆ ನಿಂತಿದ್ದರು.